ಭಾನುವಾರದ ಮೀನುಸಾರು ಮಂಗಳವಾರಕ್ಕೆ

ಮೀನುಸಾರು ಮಾಡಿದ ದಿನಕ್ಕಿಂತ ಮಾರನೆಯ ದಿನಕ್ಕೇ ರುಚಿ ಎಂಬ ಮಾತನ್ನು ಮಂಡ್ಯ ಸೀಮೆಯಲ್ಲಿ ಕೇಳದವರು ಕಡಿಮೆ. ಇದು ಬರೀ ಬಾಯಿಚಪಲದ ಮಾತಲ್ಲ. ಹುಣಸೆಹುಳಿ, ಉಪ್ಪು, ಖಾರ ಮೀನಿನ ತುಂಡಿನ ಒಳಕ್ಕೆ ಇಳಿಯಲು ಹೊತ್ತು ಬೇಕು. ರಾತ್ರಿಯೆಲ್ಲ ಸಾರಿನಲ್ಲಿ ನೆನೆದ ತುಂಡು ಬೆಳಿಗ್ಗೆ ಬಿಸಿ ಮುದ್ದೆಯ ಜೊತೆಗೆ ಬೇರೆಯೇ ಹದಕ್ಕೆ ಬಂದಿರುತ್ತದೆ. ಆದರೆ ಈ ಮಾತು ಹುಟ್ಟಿದ ಕಾಲದ ಮೀನು ಬೇರೆ; ಇಂದು ಮಂಡ್ಯ, ಮದ್ದೂರು, ಮಳವಳ್ಳಿಯ ಅಂಗಡಿಗಳಲ್ಲಿ ಮಂಜುಗಡ್ಡೆಯ ಮೇಲೆ ಮಲಗಿರುವ ಮೀನು ಬೇರೆ. ಮೀನು ಬದಲಾಯಿತು, ಸಾರು ಇಡುವ ಪಾತ್ರೆ ಬದಲಾಯಿತು, ಮಾತು ಮಾತ್ರ ಹಾಗೆಯೇ ಉಳಿಯಿತು. ಉಳಿದ ಸಾರನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಅಡುಗೆಮನೆಯ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಈ ಬದಲಾವಣೆಯ ಚರಿತ್ರೆಯನ್ನೇ ತಿರುವಿ ಹಾಕಬೇಕಾಗುತ್ತದೆ.

ಮಂಡ್ಯ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1939ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಈ ನೆಲದಲ್ಲಿ ಮೀನೆಂದರೆ ಹೊಳೆಮೀನು, ಇಲ್ಲವೇ ಕೆರೆಮೀನು. ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಕಾವೇರಿ, ಮದ್ದೂರಿನ ಮಗ್ಗುಲಲ್ಲಿ ಶಿಂಷಾ, ನಡುವೆ ಹತ್ತಾರು ಕೆರೆಗಳು. ಗಂಗಾಮತಸ್ಥರ ಬಲೆಗೆ ಬೆಳಿಗ್ಗೆ ಬಿದ್ದ ಗೆಂಡೆಯೋ ಬಾಳೆಮೀನೋ ಅದೇ ದಿನ ಒಲೆ ಸೇರುತ್ತಿತ್ತು. ಕೊರವದಂಥ ಮೀನು ಗಾಳಿಯನ್ನೇ ಉಸಿರಾಡಬಲ್ಲದಾದ್ದರಿಂದ ನೀರಿನಿಂದ ತೆಗೆದ ಮೇಲೂ ಗಂಟೆಗಟ್ಟಲೆ ಬದುಕಿರುತ್ತದೆ. ಅದನ್ನು ಜೀವಂತವಾಗಿಯೇ ಕೊಳ್ಳಬಹುದಿತ್ತು. ಮಿಸುಕಾಡುವ ಮೀನಿಗೆ ತಾಜಾತನದ ಪ್ರಮಾಣಪತ್ರ ಬೇಕಿಲ್ಲ. ಈ ಭಾಗದ ಕೆರೆಗಳ ಮೀನಿನ ಸಮೃದ್ಧಿಗೆ ಸಾಕ್ಷಿ ಬೇಕೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಮರಗಳನ್ನು ನೋಡಬೇಕು. ಮೀನೇ ಆಹಾರವಾದ ಹೆಜ್ಜಾರ್ಲೆಗಳು ಊರ ನಡುವೆ ತಲೆಮಾರುಗಳಿಂದ ಗೂಡು ಕಟ್ಟಿ ಮರಿ ಮಾಡುತ್ತ ಬಂದಿವೆ. ಹಳಸಿದ ಮೀನಿನ ಚಿಂತೆ ಅವಕ್ಕಿಲ್ಲ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ಹರಿದ ಮೇಲೆ ಕಬ್ಬು, ಭತ್ತದ ಜೊತೆಗೆ ಕೆರೆಗಳ ಲೆಕ್ಕಾಚಾರವೂ ಬದಲಾಯಿತು. ಇಂದು ನಾವು ‘ನಮ್ಮ ಕೆರೆಮೀನು’ ಎಂದು ಅಭಿಮಾನದಿಂದ ಕೊಳ್ಳುವ ಕಾಟ್ಲಾ, ರೋಹು ಎರಡೂ ಮೂಲತಃ ಗಂಗಾನದಿಯ ಬಯಲಿನವು. ನಿಂತ ನೀರಿನಲ್ಲಿ ಇವು ತಾವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಇವುಗಳ ಮರಿ ಮಾಡಿಸುವಲ್ಲಿ ಯಶಸ್ವಿಯಾದ ಮೇಲೆಯೇ ದೇಶದ ಕೆರೆಗಳಿಗೆಲ್ಲ ಬಿತ್ತನೆ ಮರಿ ಧಾರಾಳವಾಗಿ ಸಿಗುವಂತಾಯಿತು. ಜಿಲೇಬಿ ಮೀನು ಇನ್ನೂ ದೂರದ ನೆಂಟ. ಆಫ್ರಿಕಾ ಮೂಲದ ಇದು ಸಿಂಹಳದ ದಾರಿಯಾಗಿ ಭಾರತಕ್ಕೆ ಬಂದದ್ದು 1952ರಲ್ಲಿ. ಇಷ್ಟಾದರೂ ಇವೆಲ್ಲ ಸಿಹಿನೀರಿನ ಮೀನುಗಳೇ, ಮನೆಗೆ ಹತ್ತಿರದಲ್ಲೇ ಸಿಕ್ಕುವಂಥವೇ. ಆದ್ದರಿಂದ ಹೊಳೆಮೀನಿಗೆಂದು ರೂಢಿಸಿಕೊಂಡ ಅಡುಗೆಯ ಕ್ರಮ ಇವಕ್ಕೂ ಒಗ್ಗಿತು.

ಕನ್ನಡ ನಾಡಿನಲ್ಲಿ ಮೀನಿನ ಬಗೆಗಿನ ತಿಳಿವಳಿಕೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಎಂಬ 12ನೇ ಶತಮಾನದ ಸಂಸ್ಕೃತ ಗ್ರಂಥದಲ್ಲಿ ಗಾಳ ಹಾಕುವುದನ್ನು ಅರಸನ ವಿನೋದವೆಂದು ವರ್ಣಿಸುವ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಎರೆ, ಅವುಗಳ ಅಡುಗೆ ಎಲ್ಲದರ ಪ್ರಸ್ತಾಪ ಅದರಲ್ಲಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ವಿದ್ವಾಂಸರ ಗಮನಕ್ಕೆ ತಂದರು. ಆದರೆ ಅರಮನೆಯಲ್ಲಿ ಉಳಿದ ಅಡುಗೆಯ ಚಿಂತೆ ಯಾರಿಗಿರುತ್ತದೆ? ಆ ಚಿಂತೆ ಬಡವರ ಮನೆಯದು. ಅದನ್ನು ಯಾರೂ ಗ್ರಂಥದಲ್ಲಿ ಬರೆದಿಡಲಿಲ್ಲ, ಭಾಷೆಯಲ್ಲಿ ಇಟ್ಟರು. ಕನ್ನಡದಲ್ಲಿ ‘ತಂಗಳು’ ಬೇರೆ, ‘ಹಳಸಲು’ ಬೇರೆ. ತಂಗಳೆಂದರೆ ರಾತ್ರಿ ಕಳೆದದ್ದು, ತಿನ್ನಬಹುದಾದದ್ದು; ಹಳಸಲೆಂದರೆ ಚೆಲ್ಲಬೇಕಾದದ್ದು. ಇವೆರಡರ ನಡುವಿನ ಗೆರೆಯನ್ನು ಮೂಗು, ಕಣ್ಣು, ಬೆರಳಿನಿಂದಲೇ ಗುರುತಿಸುವ ವಿದ್ಯೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂತು.

ಆ ವಿದ್ಯೆಯ ಅಂಗಗಳನ್ನು ಒಂದೊಂದಾಗಿ ನೋಡಿದರೆ ಅದರ ಜಾಣತನ ಅರ್ಥವಾಗುತ್ತದೆ. ಮೊದಲನೆಯದು ಹುಣಸೆಹಣ್ಣು. ಹುಳಿಯಲ್ಲಿ ಬಹುತೇಕ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುತ್ತವೆ. ಎರಡನೆಯದು ಮಣ್ಣಿನ ಪಾತ್ರೆ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಲಾಯಿ ಸವೆದ ಕಡೆ ಲೋಹ ಸಾರಿಗೆ ಬಿಟ್ಟುಕೊಂಡು ವಾಂತಿಯಾಗುತ್ತದೆ. ಮಡಕೆಗೆ ಆ ಭಯವಿಲ್ಲ. ಮೂರನೆಯದು ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಎದ್ದ ಮೇಲೆ ಒಮ್ಮೆ ಸಾರನ್ನು ಕುದಿಸಿಡುವುದು. ನಾಲ್ಕನೆಯದು ಉಂಡ ಕೈಯಿಂದಾಗಲೀ ಎಂಜಲು ಸೌಟಿನಿಂದಾಗಲೀ ಮಡಕೆಯನ್ನು ಮುಟ್ಟದಿರುವುದು. ಬೆಕ್ಕು, ಇರುವೆಗಳಿಗೆ ಎಟುಕದಂತೆ ನೆಲುವಿಗೆ ತೂಗುಹಾಕುವುದಂತೂ ಇದ್ದೇ ಇತ್ತು. ಕಾಯಿ ಅರೆದು ಹಾಕಿದ ಸಾರು ಬೇಗ ಹಳಸುತ್ತದೆಂದು, ನಾಳೆಗೆ ಉಳಿಸಬೇಕಾದ ಸಾರಿಗೆ ಕಾಯಿ ಕಡಿಮೆ ಮಾಡುವವರೂ ಇದ್ದರು. ರಾತ್ರಿ ಹೊತ್ತು ಮೀನುಸಾರು ಹೊರಗೆ ಒಯ್ಯುವಾಗ ಅದರ ಮೇಲೆ ಇದ್ದಿಲ ಚೂರು ಇಡುವ ಪದ್ಧತಿ ಮಾತ್ರ ಗಾಳಿ ಸೋಕದಿರಲೆಂದು. ಬ್ಯಾಕ್ಟೀರಿಯಾಗಳು ಇದ್ದಿಲಿಗೆ ಹೆದರುವುದಿಲ್ಲ.

ಎರಡು ಹೊತ್ತು ಕುದಿಸುವ ಕ್ರಮದ ಹಿಂದಿನ ಲೆಕ್ಕ ಸರಳ. ಬೆಚ್ಚಗಿನ ಸಾರಿನಲ್ಲಿ ಅನುಕೂಲ ಸಿಕ್ಕರೆ ಒಂದು ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೆ ಎರಡಾಗುತ್ತದೆ. ಆ ವೇಗದಲ್ಲಿ ಹೋದರೆ ಐದೇ ಗಂಟೆಯಲ್ಲಿ ಒಂದು 32,768 ಆಗುತ್ತದೆ. ಕುದಿಸಿದಾಗ ಬಹುತೇಕ ಎಲ್ಲವೂ ಸತ್ತು ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಕ್ಲಾಸ್ಟ್ರೀಡಿಯಂ ಪರ್ಫ್ರಿಂಜೆನ್ಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಬೀಜಾಣುಗಳಾಗಿ ಕುದಿಯುವ ಸಾರಿನಲ್ಲೂ ಬದುಕುಳಿಯುತ್ತವೆ. ದೊಡ್ಡ ಪಾತ್ರೆಯ ಸಾರು ನಿಧಾನವಾಗಿ ಆರುವಾಗ ಅವು ಮೊಳೆತು ಹೆಚ್ಚುತ್ತವೆ. ಹಬ್ಬದ, ಬೀಗರೂಟದ ದೊಡ್ಡ ಅಡುಗೆ ಉಂಡವರಿಗೆ ಹೊಟ್ಟೆ ಕೆಡುವುದಕ್ಕೆ ಇದೂ ಒಂದು ಕಾರಣ. ಚೆನ್ನಾಗಿ ಕುದಿಸದೆ ಉಗುರುಬೆಚ್ಚಗೆ ಮಾಡಿ ಬಡಿಸಿದರಂತೂ ಅವುಗಳಿಗೆ ಅದೇ ಹಬ್ಬ.

ಹೊಳೆಮೀನು ಬಿಟ್ಟರೆ ಈ ಸೀಮೆಗೆ ಪರಿಚಯವಿದ್ದ ಇನ್ನೊಂದು ಬಗೆ ಒಣಮೀನು, ಒಣ ಸೀಗಡಿ. ಕಡಲಿನಿಂದ ಬಂದರೂ ಉಪ್ಪು, ಬಿಸಿಲು ಎರಡೂ ಸೇರಿ ಅದರ ನೀರನ್ನು ಹೀರಿಬಿಟ್ಟಿರುತ್ತಿದ್ದವು. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯದು. ಸಂತೆಯಲ್ಲಿ ಕೊಂಡ ಒಣಮೀನಿನ ಗುಣ ಉಪ್ಪಿನ ಬೆಲೆಯ ಮೇಲೆ ನಿಂತಿತ್ತು ಎಂಬುದು ಈಗ ಮರೆತುಹೋದ ಸಂಗತಿ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿತ್ತು. ಬ್ರಿಟಿಷರ ಉಪ್ಪಿನ ತೆರಿಗೆಯಿಂದ ಕರಾವಳಿಯ ಮೀನುಗಾರರಿಗೆ ಸಾಕಷ್ಟು ಉಪ್ಪು ಕೊಳ್ಳಲಾಗುತ್ತಿರಲಿಲ್ಲ; ಅರೆಬರೆ ಉಪ್ಪು ಹಾಕಿ ಒಣಗಿಸಿದ ಮೀನು ದಾರಿಯಲ್ಲೇ ಕೊಳೆಯುತ್ತಿತ್ತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸು ಸರ್ಕಾರ ಕರಾವಳಿಯುದ್ದಕ್ಕೂ ಮೀನು ಉಪ್ಪಿಡುವ ಅಂಗಳಗಳನ್ನು ತೆರೆದು, ಅಲ್ಲಿ ತೆರಿಗೆಯಿಲ್ಲದ ಉಪ್ಪು ಕೊಡತೊಡಗಿತು. 20ನೇ ಶತಮಾನದ ಆರಂಭದಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ ಮದರಾಸಿನ ಮೀನುಗಾರಿಕೆ ಇಲಾಖೆಗೆ ಅಡಿಪಾಯ ಹಾಕಿದಾಗ ಅವರ ಮುಂದಿದ್ದ ಪ್ರಶ್ನೆಗಳಲ್ಲಿ ಮೀನು ಕೆಡದಂತೆ ಇಡುವುದೂ ಮುಖ್ಯವಾಗಿತ್ತು. ಒಣಮೀನಿನ ಮೇಲೆ ನಸುಗೆಂಪು ಬಣ್ಣ ಅಥವಾ ಕಂದು ಬೂಷ್ಟು ಕಂಡರೆ ಕೊಳ್ಳಬಾರದೆಂಬ ಮಾತು ಇಂದಿಗೂ ಸರಿ. ಆ ಕೆಂಪು ಉಪ್ಪಿನಲ್ಲೇ ಬದುಕುವ ಒಂದು ಜಾತಿಯ ಸೂಕ್ಷ್ಮಜೀವಿಯದು.

ಹುಳಿ, ಕುದಿ, ಉಪ್ಪು, ಬಿಸಿಲು ಇವಿಷ್ಟೇ ಹಿಂದಿನವರ ಆಯುಧಗಳು. ಇಲ್ಲದಿದ್ದ ಒಂದೇ ಒಂದು ಆಯುಧ ತಂಪು.

ಇದರಲ್ಲೊಂದು ವಿಪರ್ಯಾಸವಿದೆ. ತಂಪು ಮಾಡುವ ಯಂತ್ರಕ್ಕೆ ಬೇಕಾದ ವಿದ್ಯುತ್ತು ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನಲ್ಲೇ. ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿತು. ಅಲ್ಲಿಂದ ಹೊರಟ ತಂತಿ ಸುಮಾರು 147 ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಗಳಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. 1940ರ ಹೊತ್ತಿಗೆ ಇದೇ ತಾಲ್ಲೂಕಿನ ಶಿಂಷಾದಲ್ಲಿ ಇನ್ನೊಂದು ವಿದ್ಯುದಾಗಾರ ಎದ್ದಿತು. ಊರ ಮೇಲೆ ಹಾದುಹೋದ ತಂತಿಗಳನ್ನು ನೋಡುತ್ತಲೇ ಸುತ್ತಲಿನ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಮೀನುಸಾರು ಕುದಿಸಿಡುತ್ತಿದ್ದವು. ಫ್ರಿಜ್ಜಿನ ಮಾತಂತೂ ದೂರ. ಗೋದ್ರೆಜ್ ಕಂಪನಿ ಭಾರತದಲ್ಲಿ ಫ್ರಿಜ್ಜು ತಯಾರಿಸಲು ತೊಡಗಿದ್ದೇ 1958ರಲ್ಲಿ. ಅದು ಈ ಭಾಗದ ಸಾಮಾನ್ಯರ ಮನೆಗೆ ಬರಲು ಮತ್ತೂ ಹಲವು ದಶಕಗಳು ಬೇಕಾದವು.

ಮಂಜುಗಡ್ಡೆಯ ಕಥೆ ಇನ್ನೂ ಸ್ವಾರಸ್ಯದ್ದು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ ಕೆರೆಯ ಮಂಜನ್ನು ಕಡಿದು, ಹಡಗಿನಲ್ಲಿ ತುಂಬಿ, ನಾಲ್ಕು ತಿಂಗಳ ದಾರಿ ದಾಟಿಸಿ ಕಲ್ಕತ್ತೆಗೆ ಕಳುಹಿಸಿದ. ಮದರಾಸಿನ ಕಡಲ ದಂಡೆಯ ಐಸ್ ಹೌಸ್ ಇದೇ ವ್ಯಾಪಾರದ ಕುರುಹು. ಆದರೆ ಆ ಮಂಜು ದೊರೆಗಳ ಪಾನೀಯಕ್ಕೆ, ಮೀನಿಗಲ್ಲ. ನಮ್ಮ ಕರಾವಳಿಯಲ್ಲಿ ಮೀನಿಗೆ ಮಂಜುಗಡ್ಡೆ ಹಾಕುವ ಪದ್ಧತಿ ವ್ಯಾಪಕವಾದದ್ದು ಸ್ವಾತಂತ್ರ್ಯಾನಂತರ. 1952ರ ಒಪ್ಪಂದದಂತೆ ಕೇರಳದ ನೀಂಡಕರದಲ್ಲಿ ಶುರುವಾದ ಭಾರತ–ನಾರ್ವೆ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ವಿಸ್ತರಿಸಿತು. 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಆರಂಭವಾಯಿತು. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂದ ಮೇಲೆ ಬಂಗುಡೆ, ಬೂತಾಯಿಗಳು ರಾಶಿರಾಶಿಯಾಗಿ ದಂಡೆಗೆ ಬಿದ್ದವು. ಆ ರಾಶಿ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಘಟ್ಟ ಹತ್ತಿ ಬಯಲುಸೀಮೆಗೆ ಬಂತು. ಕೆರೆಮೀನು ತಿಂದು ಬೆಳೆದ ಮಂಡ್ಯದ ಮನೆಗಳಲ್ಲಿ ಬಂಗುಡೆ ಸಾರು, ಬೂತಾಯಿ ಹುರಿದದ್ದು ಈಗ ವಿಶೇಷವೇನಲ್ಲ.

ಹಳೆಯ ವಿದ್ಯೆ ಕೈಕೊಡುವುದು ಇಲ್ಲೇ. ಬಂಗುಡೆ, ಬೂತಾಯಿ, ಕೇದರ, ಅಂಜಲ್ ಮೊದಲಾದ ಕಡಲಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಹಿಡಿದ ಮೀನು ಬಿಸಿಲಿನಲ್ಲಿ ಬಿದ್ದಿದ್ದರೆ, ದಾರಿಯಲ್ಲಿ ಮಂಜುಗಡ್ಡೆ ಕರಗಿಹೋದರೆ, ಅಂಗಡಿಯ ಹಲಗೆಯ ಮೇಲೆ ಹೊತ್ತು ಕಳೆದರೆ ಬ್ಯಾಕ್ಟೀರಿಯಾಗಳು ಈ ಹಿಸ್ಟಿಡಿನ್ನನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ನಮ್ಮ ಮೈ ಅಲರ್ಜಿಯಾದಾಗ ತಾನೇ ಹೊರಬಿಡುವ ವಸ್ತುವೂ ಇದೇ. ಮೀನಿನ ಮೂಲಕ ಇದು ಹೊಟ್ಟೆ ಸೇರಿದರೆ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ, ಎದೆ ಡವಗುಟ್ಟುತ್ತದೆ. ಕೆಲವರಿಗೆ ವಾಂತಿ, ಭೇದಿಯೂ ಆಗುತ್ತದೆ. ಹಿಸ್ಟಮಿನ್ ಕುದಿಸಿದರೆ ನಾಶವಾಗುವುದಿಲ್ಲ, ಹುರಿದರೂ ಆಗುವುದಿಲ್ಲ, ಫ್ರೀಜರಿನಲ್ಲಿ ಇಟ್ಟರೂ ಆಗುವುದಿಲ್ಲ. ವಾಸನೆಯಿಂದ ಅದನ್ನು ಗುರುತಿಸಲೂ ಆಗದು. ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಮಾಡಿಟ್ಟ ವಿಷ ಉಳಿಯುತ್ತದೆ. ಎರಡು ಹೊತ್ತು ಕುದಿಸುವ ಅಜ್ಜಿಯ ವಿದ್ಯೆ ಕೆರೆಯ ಗೆಂಡೆಗೆ ಸಾಕಾಗಿತ್ತು. ಮೂರು ದಿನದ ದಾರಿ ಸವೆಸಿ ಬಂದ ಬಂಗುಡೆಗೆ ಸಾಲದು. ಹಿಸ್ಟಮಿನ್ನಿನ ತೊಂದರೆ ಹೆಚ್ಚಾಗಿ ವರದಿಯಾಗುವುದು ಈ ಜಾತಿಯ ಕಡಲಮೀನುಗಳಿಂದ. ಸರಿಯಾಗಿ ಉಪ್ಪಿಡದ ಒಣ ಬಂಗುಡೆಯಲ್ಲೂ ಅದು ಇರಬಲ್ಲದು.

ಮೀನಿನ ಈ ವಿಷಕ್ಕೂ ಹಿಸ್ಟಮಿನ್ನಿಗೂ ಇರುವ ನಂಟನ್ನು ಬಿಡಿಸಿ ತೋರಿಸುವ ಕೆಲಸ 1950ರ ದಶಕದಲ್ಲಿ ಮುಖ್ಯವಾಗಿ ಜಪಾನಿನಲ್ಲಿ ನಡೆಯಿತು. ಹಸಿಮೀನನ್ನೇ ತಿನ್ನುವ ಆ ದೇಶಕ್ಕೆ ಇದು ತುರ್ತಿನ ಪ್ರಶ್ನೆ. ಈಗ ಅಂತಾರಾಷ್ಟ್ರೀಯ ಆಹಾರ ಮಾನಕಗಳಂತೆ ಇಂಥ ಮೀನಿನ 100 ಗ್ರಾಂನಲ್ಲಿ 20 ಮಿಲಿಗ್ರಾಂ ಹಿಸ್ಟಮಿನ್ ಮೀರಬಾರದು. ನಮ್ಮ ಕಡೆ ‘ಬಂಗುಡೆ ನಂಜು, ನನಗೆ ಆಗಿಬರಲ್ಲ’ ಎನ್ನುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ನಿಜವಾಗಿಯೂ ಮೀನಿನ ಅಲರ್ಜಿ ಇರುವವರು ಇದ್ದಾರೆ. ಆದರೆ ನನಗನ್ನಿಸುವಂತೆ ಈ ‘ನಂಜಿ’ನಲ್ಲಿ ಒಂದು ಪಾಲಾದರೂ ಮೀನಿನ ಜಾತಿಯದಲ್ಲ, ಅದು ಬಂದ ದಾರಿಯದು. ಒಂದೇ ಸಾರು ಉಂಡ ನಾಲ್ವರಿಗೂ ಒಟ್ಟಿಗೆ ಮುಖ ಕೆಂಪಾದರೆ ಅದನ್ನು ಅಲರ್ಜಿ ಎನ್ನುವುದು ಕಷ್ಟ.

ಇದಕ್ಕೆ ಮಂಡ್ಯ ಸೀಮೆಯದೇ ಆದ ಇನ್ನೊಂದು ಗಂಟಿದೆ, ಸೋಮವಾರ. ಭಾನುವಾರ ಬಾಡು, ಮೀನಿನ ದಿನ. ಸೋಮವಾರ ಮಾದಪ್ಪನ ವಾರವೆಂದೋ ಮಂಜುನಾಥನ ವಾರವೆಂದೋ ಎಷ್ಟೋ ಮನೆಗಳಲ್ಲಿ ಅದನ್ನು ಮುಟ್ಟುವುದಿಲ್ಲ. ಫ್ರಿಜ್ಜಿಲ್ಲದ ಕಾಲದಲ್ಲಿ ಭಾನುವಾರ ರಾತ್ರಿಯೇ ಮಡಕೆ ಖಾಲಿಯಾಗಬೇಕಿತ್ತು. ಉಳಿದದ್ದು ವಾರ ಹಿಡಿಯದ ಪಕ್ಕದ ಮನೆಗೆ ಹೋಗುತ್ತಿತ್ತು. ದೇವರ ಹೆಸರಿನಲ್ಲಿ ಹೊಟ್ಟೆಗೂ ಒಂದು ರಕ್ಷೆ ಸಿಕ್ಕಂತಾಗಿತ್ತು. ಈಗ ಸಾರು ಫ್ರಿಜ್ಜಿಗೆ ಹೋಗಿ ಮಂಗಳವಾರ ಮಧ್ಯಾಹ್ನ ಹೊರಬರುತ್ತದೆ. ಗುರುವಾರ ದಂಡೆಗೆ ಬಿದ್ದ ಬಂಗುಡೆ ಶನಿವಾರ ಮಂಡ್ಯ ಸೇರಿ, ಭಾನುವಾರ ಸಾರಾಗಿ, ಮಂಗಳವಾರ ತಟ್ಟೆಗೆ ಬಂತೆಂದುಕೊಳ್ಳಿ. ಆ ಮೀನಿಗೆ ಆರು ದಿನ. ನಡುವೆ ತಂಪು ಎಲ್ಲಿ ತಪ್ಪಿತು ಎಂದು ಯಾರೂ ಬರೆದಿಟ್ಟಿರುವುದಿಲ್ಲ.

ಹಾಗೆ ನೋಡಿದರೆ ತಂಪಿನ ಪಾಠ ಈ ಜಿಲ್ಲೆಗೆ ಹೊಸದಲ್ಲ. ಬೆಳಿಗ್ಗೆ ಕರೆದ ಹಾಲನ್ನು ತಡಮಾಡದೆ ಡೈರಿಗೆ ಹಾಕಬೇಕು, ಅಲ್ಲಿಂದ ಅದು ತಂಪಾಗಿಯೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಹೋಗಬೇಕು ಎಂಬುದು ಹಳ್ಳಿಯ ಮಗುವಿಗೂ ಗೊತ್ತು. ಹಾಲು ಒಡೆದರೆ ದುಡ್ಡು ಹೋಗುತ್ತದೆ, ಹಾಗಾಗಿ ಗೊತ್ತು.

ಕೊಳ್ಳುವಾಗಿನ ಪರೀಕ್ಷೆಗಳು ಬಹುಪಾಲು ಓದುಗರಿಗೆ ತಿಳಿದವೇ: ಉಬ್ಬಿದ ಹೊಳಪಿನ ಕಣ್ಣು, ಕೆಂಪು ಕಿವಿರು, ಬೆರಳೊತ್ತಿದರೆ ಪುಟಿದೇಳುವ ಮಾಂಸ, ಒಡೆಯದ ಹೊಟ್ಟೆ. ನೊಣ ಕೂರದ ಮೀನು ಒಳ್ಳೆಯದೆಂಬ ಮಾತು ಮಾತ್ರ ಈಗ ನಂಬುವಂಥದ್ದಲ್ಲ. 2018ರಲ್ಲಿ ಕೇರಳದ ಗಡಿಗಳಲ್ಲಿ ನಡೆದ ತಪಾಸಣೆಯಲ್ಲಿ ಫಾರ್ಮಾಲಿನ್ ಹಾಕಿದ ಮೀನು ಟನ್ನುಗಟ್ಟಲೆ ಸಿಕ್ಕಿತ್ತು. ಮೀನನ್ನು ಕೊನೆಯಲ್ಲಿ ಕೊಂಡು ನೇರ ಮನೆಗೆ ಬರುವುದು, ಬಂದೊಡನೆ ಕರುಳು ತೆಗೆದು ತೊಳೆದು ಅಡುಗೆ ಮಾಡುವುದು ಅಥವಾ ಫ್ರಿಜ್ಜಿಗಿಡುವುದು, ಹಿಸ್ಟಮಿನ್ ತಡೆಯಲು ಮನೆಯವರಿಂದ ಆಗುವುದು ಇಷ್ಟು. ಉಳಿದದ್ದು ದಂಡೆಯವರ, ಲಾರಿಯವರ, ಅಂಗಡಿಯವರ ಕೈಯಲ್ಲಿದೆ.

ಸಾರು ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜು ಸೇರಬೇಕು; ಏಪ್ರಿಲ್ ತಿಂಗಳ ಸೆಕೆಯಲ್ಲಿ ಒಂದೇ ಗಂಟೆ. ಬಿಸಿ ಸಾರು ಫ್ರಿಜ್ಜಿಗಿಡಬಾರದೆಂದು ರಾತ್ರಿಯಿಡೀ ಹೊರಗೆ ಆರಲು ಬಿಡುವುದು ತಪ್ಪು ತಿಳಿವಳಿಕೆ. ದೊಡ್ಡ ಪಾತ್ರೆಯಿಂದ ಎರಡು ಮೂರು ಅಗಲವಾದ ಚಿಕ್ಕ ಪಾತ್ರೆಗಳಿಗೆ ಸುರಿದು, ತಣ್ಣೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ಇಟ್ಟರೆ ಬಿಸಿ ಇಳಿಯುತ್ತದೆ. ಆಮೇಲೆ ಮುಚ್ಚಿ ಒಳಗಿಡಬಹುದು. ಫ್ರಿಜ್ಜಿನ ಒಳಗೆ 5 ಡಿಗ್ರಿಗಿಂತ ಕಡಿಮೆ ಇರಬೇಕು. ಉಣ್ಣುವಷ್ಟನ್ನೇ ಬೇರೆ ತೆಗೆದು ಕೊತಕೊತ ಕುದಿಸಬೇಕು. ಇಡೀ ಪಾತ್ರೆಯನ್ನು ದಿನಾ ಬಿಸಿ ಮಾಡಿ ಮತ್ತೆ ಒಳಗಿಡುವುದರಿಂದ ಲಾಭವಿಲ್ಲ. ಸಾಮಾನ್ಯವಾಗಿ ಉಳಿದ ಅಡುಗೆಗೆ ಮೂರು ನಾಲ್ಕು ದಿನದ ಮಿತಿ ಹೇಳುತ್ತಾರೆ. ಕಡಲಮೀನು, ಸೀಗಡಿ, ಏಡಿಗೆ ಎರಡು ದಿನ ಸಾಕೆಂದು ನನ್ನ ಅಭಿಪ್ರಾಯ. ಕರೆಂಟು ಹೋದರೆ ಬಾಗಿಲು ತೆರೆಯದಿದ್ದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ. ಬೇಸಿಗೆಯ ವಿದ್ಯುತ್ ಕಡಿತದ ದಿನಗಳಲ್ಲಿ ಗಡಿಯಾರ ನೋಡುವುದು ಒಳ್ಳೆಯದು.

ಹಳಸಿದ ಸಾರಿನ ಗುರುತುಗಳು ಹಿಂದಿನವೇ. ಮೇಲೆ ಸಣ್ಣ ಗುಳ್ಳೆ, ನೊರೆ, ಸೌಟು ಎತ್ತಿದರೆ ನೂಲಿನಂತೆ ಎಳೆ, ಹುಣಸೆಯದಲ್ಲದ ಹುಳಿ, ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ, ಮುಟ್ಟಿದರೆ ಹಿಟ್ಟಿನಂತೆ ಕುಸಿಯುವ ತುಂಡು. ಇವುಗಳಲ್ಲಿ ಒಂದು ಕಂಡರೂ ಚೆಲ್ಲಬೇಕು, ರುಚಿ ನೋಡಿ ತೀರ್ಮಾನಿಸಲು ಹೋಗಬಾರದು. ಆದರೆ ಇವು ಯಾವುವೂ ಇಲ್ಲದ ಮಾತ್ರಕ್ಕೆ ಸಾರು ನಿರಪಾಯವೆಂದಲ್ಲ. ವಾಸನೆ ಬರಿಸುವ ಬ್ಯಾಕ್ಟೀರಿಯಾಗಳು ಬೇರೆ, ಕಾಯಿಲೆ ತರುವವು ಹಲವು ಸಲ ಬೇರೆ. ಮೀನಿನ ತುಂಡು ನಾಲಿಗೆಗೆ ಮೆಣಸಿನಂತೆ ಚುರುಗುಟ್ಟಿದರೆ, ಸಾರಿನ ಖಾರಕ್ಕೆ ಮೀರಿದ ಆ ಚುರುಕು ಹಿಸ್ಟಮಿನ್ನಿನ ಸೂಚನೆ ಇರಬಹುದು. ಖಾರದ ಮಂಡ್ಯ ಸಾರಿನಲ್ಲಿ ಅದನ್ನು ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಉಂಡ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ ತಲೆನೋವು, ತುರಿಕೆ ಬಂದರೆ ವೈದ್ಯರ ಬಳಿ ಹೋಗಿ ಯಾವ ಮೀನು, ಎಂದು ಕೊಂಡದ್ದು, ಎಷ್ಟು ಹೊತ್ತಿಗೆ ಉಂಡದ್ದು, ಜೊತೆಗೆ ಉಂಡವರಿಗೆ ಏನಾಯಿತು ಎಂಬುದನ್ನು ಬಿಡದೆ ಹೇಳಬೇಕು. ಹಿಸ್ಟಮಿನ್ ತಡೆಯುವ ಮಾತ್ರೆಗಳಿಂದ ಹೆಚ್ಚಿನವರು ಒಂದು ದಿನದೊಳಗೆ ಸುಧಾರಿಸಿಕೊಳ್ಳುತ್ತಾರೆ. ಉಸಿರಾಟ ಕಷ್ಟವಾದರೆ ಅಥವಾ ತಲೆ ಸುತ್ತಿ ಬಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ ಒಯ್ಯಬೇಕು.